ಬಲ್ಲವರ ಸಹಿ

"ಟೀಚರಮ್ಮ, ಇವ್ರು ನಮ್ ಲಾಯರಪ್ಪ. ನಿಮ್ಗೇನಾರ ಮೊದ್ಲೇ ಗೊತ್ತಾ?"

ಮನೆ ಮಾರುತ್ತಿದ್ದ ದೊಡ್ಡತಾಯಮ್ಮ ಕೇಳಿದ್ದು ಅಷ್ಟೇ.

ಶೋಭಿತಾ ತಲೆ ಎತ್ತಿದಳು. ಬಾಗಿಲಲ್ಲಿ, ಕಪ್ಪು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಭೀಮ ನಿಂತಿದ್ದ!

ಅವನನ್ನು ನೋಡಿ ಎರಡು ವರ್ಷ... ಅವಳನ್ನು ಕಂಡು ಅವನ ಮುಖ ಅರಳಿದ್ದನ್ನೂ ಅವಳು ನೋಡಿದಳು.

"ಇಲ್ಲ," ಅಂದಳು. "ಗೊತ್ತಿಲ್ಲ."

ಭೀಮನ ಮುಖ ಬಾಡಿತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

"ನಮಸ್ಕಾರ ಮೇಡಂ."

ಮೇಡಂ! ಹಾಸನದ ಲೈಬ್ರರಿಯಲ್ಲಿ ಎದುರುಬದುರು ಕೂತು ಅವಳು ಬಿ.ಎಡ್., ಅವನು ಲಾ ಓದುತ್ತಿದ್ದಾಗ 'ಶೋಭಿ' ಎಂದು ಕರೆಯುತ್ತಿದ್ದವನು ಅವನು. ಮದುವೆಯಾಗೋಣವಾ ಎಂದು ಅವನು ಕೇಳಿದ ದಿನ ಅವಳು ಹೇಳಿದ್ದಳು, "ನಂದು ಅಂತ ಒಂದು ಮನೆ ಆಗ್ಲಿ ಭೀಮ. ಆಮೇಲೆ ಹೇಳ್ತೀನಿ."

"ಆ ಮನೆ ಕಾಗದ ನಾನೇ ನೋಡ್ತೀನಿ," ಎಂದು ಅವನು ನಕ್ಕಿದ್ದ.

ಅವಳು ಹಳೇಕೋಟೆಯ ಹೈಸ್ಕೂಲಿಗೆ ಟೀಚರಾಗಿ ಬಂದಳು. ಹೊಳೆನರಸೀಪುರದಲ್ಲಿ ಮನೆ ಹುಡುಕಿದಳು. ಮೊದಲ ಎರಡು ಮನೆಯವರು ಎಲ್ಲವನ್ನೂ ಒಪ್ಪಿ, ಕೊನೆಗೆ "ನಿಮ್ದು ಯಾವ ಜನ?" ಎಂದು ಕೇಳಿದ್ದರು. ಅವಳು ನಿಜ ಹೇಳಿದ್ದಳು. ಮರುದಿನದಿಂದ ಅವರು ಫೋನ್ ಎತ್ತಲಿಲ್ಲ.

ಮೂರನೆಯದು ದೊಡ್ಡತಾಯಮ್ಮನ ಮನೆ. ಅವರು ಇನ್ನೂ ಕೇಳಿರಲಿಲ್ಲ.

ತನ್ನ ಕಡೆಗೆ ಲಾಯರ್ ಯಾರು ಎಂಬ ಮಾತು ಬಂದಾಗ ಅವಳಿಗೆ ಮೊದಲು ನೆನಪಾದದ್ದು ಭೀಮನೇ. ಅದೇ ಊರಿನ ಕೋರ್ಟಿನ ಹಿಂದಿನ ಬೀದಿಯಲ್ಲಿ ಅವನ ಆಫೀಸು; ಬಸ್ಸಿನಿಂದ ನೋಡಿದ್ದಳು. ಬಾಗಿಲು ತೆರೆದರೆ ಎದುರಿಗೇ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರದು. ಮನೆ ಮಾರುವವರು ಅಲ್ಲಿಗೆ ಬಂದರೆ ಯಾವ ಜನ ಎಂದು ಕೇಳಬೇಕಾಗಿಯೇ ಇರಲಿಲ್ಲ...

ಅವಳು ಅನಿಲ್‌ಕುಮಾರ್ ಎಂಬ ಬೇರೆ ಲಾಯರನ್ನು ಹಿಡಿದಳು. ಅವರು ದೊಡ್ಡತಾಯಮ್ಮನ ಜನವೇ ಎಂಬುದೊಂದೇ ಕಾರಣ.

ಈಗ ಅನಿಲ್‌ಕುಮಾರರ ಆಫೀಸಿನಲ್ಲೇ, ಮಾರುವವರ ಲಾಯರಾಗಿ ಭೀಮ ಕೂತಿದ್ದಾನೆ!

"ಸರ್, ನೀವು ಇದನ್ನ ಕೇಳ್ಲಿಲ್ಲ," ಎಂದು ಭೀಮ ಒಂದು ಕಾಗದವನ್ನು ಅನಿಲ್‌ಕುಮಾರರ ಮುಂದಿಟ್ಟ. "ತಾಯಮ್ಮೋರಿಗೂ ಅವರ ಅಣ್ತಮ್ಮಂದಿರಿಗೂ ಕೋರ್ಟಲ್ಲಿ ಆದ ರಾಜಿ. ಪ್ರತಿ ನಿಮ್ ಫೈಲಲ್ಲಿರ್ಲಿ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಮೇಡಂಗೆ ಬೇಕಾಗುತ್ತೆ."

ಹೋಗುವಾಗ ಅವನು ಅವಳ ಕಡೆ ನೋಡಲಿಲ್ಲ.

ಅವನು ಬೈದಿದ್ದರೆ ಅವಳಿಗೆ ಅಂದು ನಿದ್ದೆ ಬರುತ್ತಿತ್ತೇನೋ.

ಆ ವಾರ ಮೂರು ಸಲ ಅವನ ಆಫೀಸಿನ ಬೀದಿಗೆ ಹೋದಳು. ಮೂರು ಸಲವೂ ಮೆಟ್ಟಿಲ ತನಕ ಹೋಗಿ ವಾಪಸ್ಸಾದಳು. ಏನಂತ ಹೇಳಲಿ? 'ನಿನ್ನ ಬಗ್ಗೆ ನಾಚಿಕೆಯಿಲ್ಲ, ಹೆದರಿಕೆ ಇತ್ತು' ಅಂತಲೇ? ಹೇಳಿದ ಸುಳ್ಳಿಗೆ ಎರಡೂ ಒಂದೇ ಅಲ್ಲವೇ...

ಶನಿವಾರ ರಿಜಿಸ್ಟ್ರೇಷನ್. ಸಬ್‌ರಿಜಿಸ್ಟ್ರಾರ್ ಕಚೇರಿಯ ವರಾಂಡದಲ್ಲಿ ದೊಡ್ಡತಾಯಮ್ಮನ ಜೊತೆ ಭೀಮನೂ ನಿಂತಿದ್ದ. ಶೋಭಿತಾಳ ಪರ ಸಾಕ್ಷಿಯಾಗಿ ಸಹಿ ಹಾಕಬೇಕಿದ್ದ ಸಹೋದ್ಯೋಗಿ ರಂಜಿನಿ ಶಾಲೆಯಿಂದ ಹೊರಡಲಾಗದೆ ಫೋನ್ ಮಾಡಿದಳು.

"ತಲೆ ಕೆಡಿಸ್ಕೋಬೇಡಿ," ಅಂದರು ಅನಿಲ್‌ಕುಮಾರ್. "ಹೊರಗೆ ಟೀ ಅಂಗ್ಡಿ ಹತ್ರ ಯಾರಾದ್ರೂ ಇರ್ತಾರೆ, ಕರೀತೀನಿ. 'ಇವರನ್ನ ಬಲ್ಲೆ' ಅಂತ ಒಂದು ಸಹಿ ಅಷ್ಟೇ. ಎಲ್ರೂ ಹಂಗೇ ಮಾಡೋದು."

ಬಲ್ಲವಳು ಗೊತ್ತಿಲ್ಲ ಅಂದಿದ್ದಾಯಿತು. ಇನ್ನು ಗೊತ್ತಿಲ್ಲದವನು ಬಂದು ಬಲ್ಲೆ ಅನ್ನಬೇಕು...

"ಬೇಡ ಸರ್!" ಅಂದಳು ಶೋಭಿತಾ. "ನನ್ನನ್ನ ಬಲ್ಲವರು ಇಲ್ಲೇ ಇದಾರೆ."

ಅವಳು ದೊಡ್ಡತಾಯಮ್ಮನ ಕಡೆ ತಿರುಗಿದಳು. ಇನ್ನೂ ಯಾರೂ ಸಹಿ ಹಾಕಿರಲಿಲ್ಲ. ಮಾತಾಡಿದರೆ ಮನೆ ಹೋಗಬಹುದು. ಆದರೂ...

"ತಾಯಮ್ಮ, ಆವತ್ತು ನಾನು ಸುಳ್ಳು ಹೇಳಿದೆ. ಭೀಮ ನಂಗೆ ಏಳು ವರ್ಷದಿಂದ ಗೊತ್ತು. ನಾವು ಒಂದೇ ಜನ. ಗೊತ್ತಾದ್ರೆ ನೀವು ಮನೆ ಕೊಡಲ್ಲ ಅಂತ..."

ಅವಳು ಕಣ್ಣೊರೆಸಿಕೊಂಡಳು.

ಭೀಮ ಕೈಯಲ್ಲಿದ್ದ ಫೈಲನ್ನು ಮುಚ್ಚಿದ.

ದೊಡ್ಡತಾಯಮ್ಮ ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು ಅವಳನ್ನೇ ನೋಡಿದರು.

"ಅಂಗಾ? ನೋಡವ್ವ, ಅಣ್ತಮ್ಮದೀರು ಪಾಲು ಕೊಡಕಿಲ್ಲ ಅಂದಾಗ ನಮ್ ಜನದ ಲಾಯರ್ ಒಬ್ನೂ ನನ್ ಫೈಲು ಮುಟ್ನಿಲ್ಲ. ಅವ್ರಿಗೆಲ್ಲ ನನ್ ಅಣ್ಣ ಬೇಕಾದೋನು. ಈ ಲಾಯರಪ್ಪ ಮುಟ್ದ. ಅದ್ಕೂ ಮುಂಚೆ ನೀನು ಬಂದಿದ್ರೆ ಕೊಡ್ತಿದ್ನೋ ಇಲ್ವೋ... ಸುಳ್ಳು ಯೋಳಾಕಿಲ್ಲ ಕಣವ್ವ."

"ಈಗ?"

"ಈಗೇನು! ಚನ್ನರಾಯಪಟ್ಣದಾಗೆ ಬಟ್ಟೆ ಅಂಗ್ಡಿಗೆ ಮಳಿಗೆ ನೋಡಿವ್ನಿ. ನಿನ್ ಅಳು ನೋಡ್ಕಂಡು ನಿಂತ್ರೆ ಅದು ಓಯ್ತದೆ. ಸಹಿ ಆಕು ಬಾ!" ಆಮೇಲೆ ದನಿ ಇಳಿಸಿದರು. "ಆದ್ರೆ ಅವತ್ತು ನೀನು ಗೊತ್ತಿಲ್ಲ ಅಂದಾಗ ಅವನ ಮೊಕ ನಾನು ನೋಡ್ದೆ. ಅದ್ಕೆ ನಾನು ಸಾಕ್ಷಿ."

ಒಳಗೆ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಸಾಕ್ಷಿಯಾಗಿ ನಿಂತ ಭೀಮನನ್ನು ಕೇಳಿದರು, "ಇವರನ್ನ ಬಲ್ಲಿರಾ?"

ಭೀಮ ಕಾಗದದಲ್ಲಿ ಅವಳ ಹೆಸರಿದ್ದ ಸಾಲನ್ನು ಒಮ್ಮೆ ಓದಿದ. ಶೋಭಿತಾ ಗೋಡೆ ಗಡಿಯಾರದ ಸದ್ದನ್ನು ಎಣಿಸತೊಡಗಿದಳು.

"ಬಲ್ಲೆ," ಅಂದ ಭೀಮ. ಸಹಿ ಹಾಕಿದ.

ಹೊರಗೆ ಮೆಟ್ಟಿಲ ಮೇಲೆ ಇಬ್ಬರೇ.

"ನೋವಾಗ್ಲಿಲ್ಲ ಅಂತ ನಾನು ಹೇಳಲ್ಲ," ಅಂದ ಅವನು.

"ಹೇಳ್ಬೇಡ... ಭೀಮ, ಮನೆ ಆಯ್ತು. ನಿಂಗೊಂದು ಉತ್ತರ ಕೊಡೋದಿದೆ."

"ಇವತ್ತು ಬೇಡ. ತಪ್ಪು ಮಾಡಿದ್ದಕ್ಕೆ ದಂಡ ಕಟ್ಟಿದ ಹಾಗಿರುತ್ತೆ."

ಅವಳು ತಲೆಯಾಡಿಸಿದಳು. ಸರಿಯಾದ ಮಾತು.

"ಹಾಗಾದ್ರೆ ನಾಳೆ ಮನೆಗೆ ಬಾ. ನಿನ್ ಆಫೀಸಲ್ಲಿರೋ ಅಂಥದೇ ಎರಡು ಚಿತ್ರ ತಂದ್ಕೊಡ್ತೀಯಾ?"

ಅವನು ಅಂದು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಎಲ್ಲಿ ಹಾಕ್ತೀಯ?"

"ಬಾಗಿಲು ತೆಗೆದ ತಕ್ಷಣ ಕಾಣೋ ಕಡೆ. ಬೀದೀಲಿ ಹೋಗೋರಿಗೂ ಕಾಣ್ಲಿ... ಆ ಗೋಡೆ ನೋಡಿ ಯಾರಾದ್ರೂ ಕೇಳಿದ್ರೆ, ಇದು ನಮ್ಮಿಬ್ಬರ ಮನೆ ಅಂತೀನಿ."

"ಉತ್ತರ ಇವತ್ತು ಬೇಡ ಅಂದಿದ್ದೆ."

"ಮನೆ ಬಗ್ಗೆ ಹೇಳ್ದೆ ಅಷ್ಟೇ!"

ಭೀಮ ಕೋಟನ್ನು ಹೆಗಲಿಗೆ ಹಾಕಿಕೊಂಡ. ತುಟಿಯ ಅಂಚಿನಲ್ಲಿ ನಗು ಬಂದೂ ಬಾರದ ಹಾಗಿತ್ತು.

"ಮೊಳೆ, ಸುತ್ತಿಗೆ ನಾನೇ ತರ್ತೀನಿ, ಶೋಭಿ."