ಎಲ್ಲರಿಗೂ ಒಂದೇ ಪುಟ

ಗೋಡೆಯ ಮೇಲಿನ ಆಪ್ತದರ್ಪಣವೆಂಬ ಮಾತಾಡುವ ಪರದೆ ಜಾಲಪುಟಕ್ಕೆ ಬಂದ ಆ ದಿನದ ಅಭಿಪ್ರಾಯಗಳನ್ನು ಓದಿ ಹೇಳುತ್ತಿತ್ತು. ಒಂದೊಂದು ಅಭಿಪ್ರಾಯಕ್ಕೂ ಒಂದೊಂದು ದನಿ. ಹಾರ್ಮೋನಿಯಂ ಪೆಟ್ಟಿಗೆಯ ಷಡ್ಜ ಕೇಳಿ ಕಣ್ಣು ತುಂಬಿ ಬಂತೆಂದು ಒಬ್ಬ ಮುದುಕ ಹೇಳಿದ. ಇಷ್ಟು ಹದವಾದ ಶ್ರುತಿ ತಾನೆಲ್ಲೂ ಕೇಳಿಲ್ಲವೆಂದಳು ಒಬ್ಬ ಹುಡುಗಿ. ಅನಸೂಯಾ ಬಡಿಗೇರ ಚಹಾದ ಕಪ್ಪನ್ನು ಕೆಳಗಿಟ್ಟು, ಹಿಂದಿನ ದಿನ ತಾನು ಏರಿಸಿದ ಧ್ವನಿಮುದ್ರಿಕೆಯನ್ನು ಮತ್ತೆ ಹಾಕಿ ಕೇಳಿದಳು. ಅದರಲ್ಲಿ ಫ್ಯಾನು ತಿರುಗುವ ಸದ್ದಿನ ಹೊರತು ಏನೂ ಇರಲಿಲ್ಲ. ಅವಳು ನುಡಿಸಲು ಶುರುಮಾಡುವ ಮೊದಲೇ ಧ್ವನಿಮುದ್ರಣ ನಿಂತುಹೋಗಿತ್ತು. ಅದನ್ನು ಗಮನಿಸದೆ ಹಾಗೆಯೇ ಕಳಿಸಿಬಿಟ್ಟಿದ್ದಳು.

ದರ್ಪಣ ಮಾತ್ರ ಹೊಗಳಿಕೆಯನ್ನು ಇನ್ನೂ ಓದುತ್ತಲೇ ಇತ್ತು.

ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರು ಬೆರಳೆಣಿಕೆಯಷ್ಟೇ ಉಳಿದಿದ್ದ ಕಾಲ ಅದು. ಅನಸೂಯಾ ಅವರಲ್ಲೊಬ್ಬಳು. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ರಿಪೇರಿಗೆ ಬಂದ ಪೆಟ್ಟಿಗೆಯನ್ನು ಶ್ರುತಿಗೆ ತಂದು, ನಾಲ್ಕು ಸ್ವರ ನುಡಿಸಿ, ಆ ನಾದವನ್ನು ತನ್ನ ಜಾಲಪುಟಕ್ಕೆ ಏರಿಸುವುದು ಅವಳಿಗೆ ರೂಢಿಯಾಯಿತು. ಪುಟ ಕಟ್ಟಲು ಏನೂ ಕಲಿಯಬೇಕಿರಲಿಲ್ಲ. ದರ್ಪಣದ ಎದುರು ನಿಂತು ಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಸಾಕಿತ್ತು. ಅಭಿಪ್ರಾಯ ಬರೆಯುವ ಆ ಜನರನ್ನು ನೆನೆದೇ ಅವಳು ಒಂಟಿ ದಿನಗಳನ್ನು ತಳ್ಳಿದ್ದಳು.

ಮರುದಿನ ಅವಳು ಧಾರವಾಡಕ್ಕೆ ಹೋದಳು. ಆಪ್ತದರ್ಪಣವನ್ನು ರೂಪಿಸಿದ ವಿಜ್ಞಾನಿಗಳಲ್ಲೊಬ್ಬರಾದ ಪ್ರಹ್ಲಾದ ಇನಾಮದಾರರು ನಿವೃತ್ತರಾಗಿ ಅಲ್ಲಿದ್ದರು. ಹಿಂದೊಮ್ಮೆ ಅವರ ಹೆಂಡತಿಯ ಹಾರ್ಮೋನಿಯಮ್ಮನ್ನು ಅವಳು ಸರಿಮಾಡಿಕೊಟ್ಟಿದ್ದರಿಂದ ಪರಿಚಯವಿತ್ತು. ಅವಳು ಹೇಳಿದ್ದನ್ನು ಕೇಳಿ ಅವರಿಗೆ ಅಚ್ಚರಿಯೇನೂ ಆಗಲಿಲ್ಲ. ದರ್ಪಣದಲ್ಲಿ ಎಲ್ಲರಿಗೂ ಒಂದೇ ಪುಟ ಎಂಬುದು ಇಲ್ಲ ಎಂದು ವಿವರಿಸಿದರು. ನೋಡುವವರ ಮನಸ್ಸನ್ನು ಅಳೆದು, ಅವರಿಗಾಗಿಯೇ ಆ ಕ್ಷಣದಲ್ಲಿ ಅದು ಪುಟವನ್ನು ಹುಟ್ಟಿಸುತ್ತದೆ. ಹಾರ್ಮೋನಿಯಂ ಕೇಳಬಯಸಿದವನಿಗೆ ಅವನಿಗೊಪ್ಪುವ ನಾದವನ್ನು ತಾನೇ ಸೃಷ್ಟಿಸುತ್ತದೆ. ನುಡಿಸುವವಳಿಗೆ ಬೇಕಾದ ಕೇಳುಗರನ್ನೂ ಹಾಗೆಯೇ ಸೃಷ್ಟಿಸುತ್ತದೆ.

"ಅಂದ್ರ ಇಷ್ಟು ವರ್ಷ ಯಾರೂ ಕೇಳಿಲ್ಲೇನ್ರಿ?" ಎಂದಳು ಅನಸೂಯಾ.

ಇನಾಮದಾರರು ಕಿಟಕಿಯ ಕಡೆ ನೋಡಿದರು. "ಇಲ್ಲವ್ವಾ ತಂಗಿ. ಯಾರೂ ಕೇಳಿಲ್ಲ."

ತಾನು ನುಡಿಸಿದ್ದು ನುಡಿಸಿದಂತೆಯೇ ಇನ್ನೊಬ್ಬರ ಕಿವಿಗೆ ಮುಟ್ಟುವ ದಾರಿ ಇದೆಯೇ ಎಂದು ಅವಳು ಕೇಳಿದಳು. ಹಳೆಯ ದಾರಿಯೊಂದಿದೆ, ಆದರೆ ಅದನ್ನು ಈಗ ಯಾರೂ ಕಲಿಯುವುದಿಲ್ಲ ಎಂದರು ಅವರು. ಆಮೇಲೆ ಅಟ್ಟದಿಂದ ಒಂದು ಹಳೆಯ ಗಣಕವನ್ನು ಇಳಿಸಿ ಧೂಳು ಒರೆಸಿದರು.

ಹೀಗೆ ಪಾಠ ಶುರುವಾಯಿತು. ವಾರಕ್ಕೊಮ್ಮೆ ಅವಳು ರೈಲು ಹತ್ತಿ ಬರುವಳು. ನೋಡುವವರ ಮುಂದಿರುವ ಪುಟ ಬರೀ ಮುಖ, ಕೆಲಸವೆಲ್ಲ ನಡೆಯುವುದು ಸರ್ವರ್ ಎಂಬ ಈ ಗಣಕದೊಳಗೆ ಎಂಬುದನ್ನು ಅವರು ಮೊದಲು ಮನದಟ್ಟು ಮಾಡಿಸಿದರು. ಯಾರೋ ಪುಟದ ಖಾನೆಯಲ್ಲಿ ಏನೋ ಬರೆಯುತ್ತಾರೆ. ಅದು ಇಲ್ಲಿಗೆ ಬರುತ್ತದೆ. ಇಲ್ಲಿ ಕಾದಿರುವ ಆಜ್ಞಾಸರಣಿ ಅದನ್ನು ಓದಿ, ಮಾಹಿತಿ ಕೂಡಿಡುವ ದತ್ತಕೋಶದಲ್ಲಿ ಇಟ್ಟು, ಹೊಸದಾಗಿ ಪುಟ ಹೊಂದಿಸಿ ಕಳಿಸುತ್ತದೆ. ಬಂದವರು ಯಾರೇ ಇರಲಿ, ಸರಣಿ ಬರೆದಿಟ್ಟಂತೆ ನಡೆಯುತ್ತದೆ. ಯಾರ ಮನಸ್ಸನ್ನೂ ಓದುವುದಿಲ್ಲ.

ಕಲಿಯುವುದು ಸುಲಭವಾಗಲಿಲ್ಲ. ಒಂದು ಅರ್ಧವಿರಾಮ ಬಿಟ್ಟುಹೋದರೂ ಇಡೀ ಪುಟ ಬೆಳ್ಳಗಾಗುತ್ತಿತ್ತು. ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲಿ ಮಧ್ಯಾಹ್ನ ಮುಗಿದುಹೋಗುತ್ತಿತ್ತು. ಖಾನೆಯಲ್ಲಿ ಬರೆದವರ ಹೆಸರನ್ನು ಹಿಡಿದು ಉತ್ತರ ಕೊಡುವ ಸರಣಿಯನ್ನು ಕೊನೆಗೊಂದು ದಿನ ಅವಳೇ ಬರೆದಳು. ಪರೀಕ್ಷೆಗೆಂದು ತನ್ನ ಹೆಸರನ್ನೇ ಹಾಕಿದಾಗ, 'ಬರ್ರಿ ಅನಸೂಯಾ, ಕೂಡ್ರಿ' ಎಂದು ಪರದೆಯ ಮೇಲೆ ಮೂಡಿತು. ಆ ಮಾತನ್ನು ಬರೆದಿಟ್ಟವಳು ತಾನೇ ಎಂಬುದು ಗೊತ್ತಿದ್ದರೂ ಬಹಳ ಹೊತ್ತು ಅದನ್ನು ನೋಡುತ್ತ ಕುಳಿತಳು.

ಸರ್ವರ್ ಗದಗಿನ ಅವಳ ಕೋಣೆಗೆ ಬಂತು. ರಿಪೇರಿಗೆ ಬಂದ ಪ್ರತಿ ಪೆಟ್ಟಿಗೆಯ ನಾದವನ್ನು ಹೊಸ ಪುಟಕ್ಕೆ ಏರಿಸಿ, ಮುಚ್ಚಳದ ಒಳಗೆ ಅವಳು ಆ ಪುಟದ ವಿಳಾಸವನ್ನು ಸಣ್ಣ ಕುಂಚದಿಂದ ಬರೆದಳು. ತಿಂಗಳುಗಳು ಕಳೆದವು. ದಿನವೂ ದತ್ತಕೋಶ ತೆರೆದು ನೋಡುವಳು. ಅದು ಖಾಲಿ ಇರುತ್ತಿತ್ತು. ಆರಿಸಿಟ್ಟ ದರ್ಪಣದ ಸುಳ್ಳು ದನಿಗಳೂ ಈಗ ಇಲ್ಲದ್ದರಿಂದ ಮನೆ ಮೊದಲಿಗಿಂತ ನಿಶ್ಶಬ್ದವಾಗಿತ್ತು. ಹಳೆಯದಕ್ಕೇ ಮರಳಿಬಿಡಲೇ ಎಂದು ಒಂದೆರಡು ಸಲ ಅನಿಸಿದ್ದೂ ಉಂಟು.

ಕೊನೆಗೊಂದು ಮುಂಜಾನೆ ಒಂದು ಸಂದೇಶ ಬಂದಿತ್ತು. ಬಾಗಲಕೋಟೆಯ ಕಾಶೀಮಸಾಬ ಎಂಬವರದು. 'ಪಂಚಮ ಇಳದದ. ಕಿವಿ ಇದ್ದವ್ರು ಹಿಂಗ ಶ್ರುತಿ ಮಾಡೂದಿಲ್ಲ.'

ಅನಸೂಯಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಅವಳ ಕೆಲಸವನ್ನು ಆಡಿಕೊಂಡವರೇ ಇಷ್ಟು ಕಾಲ ಇರಲಿಲ್ಲ. ಅಂದು ಊಟ ಸೇರಲಿಲ್ಲ. ಸಂಜೆಯೊಳಗೆ ಸರಣಿಗೆ ಹೊಸದೊಂದು ಸಾಲು ಸೇರಿಸಿದಳು: ಬಂದ ಮಾತಿನಲ್ಲಿ ಕಟುವಾದ ಪದವಿದ್ದರೆ ಅದನ್ನು ಪುಟದಲ್ಲಿ ತೋರಿಸಬಾರದು. ಒಂದೇ ಏಟಿಗೆ, ಒಂದೂ ತಪ್ಪಿಲ್ಲದೆ ಅದು ಕೆಲಸ ಮಾಡಿತು. ಗುರುಗಳಿಗೆ ಹೇಳಬೇಕೆಂಬ ಹುಮ್ಮಸ್ಸಿನಿಂದ ಫೋನ್ ಮಾಡಿದಳು.

ಇನಾಮದಾರರು ಆ ಸಾಲನ್ನು ಓದಿ ಹೇಳೆಂದರು. ಆಮೇಲೆ, "ನಾವೂ ಇಲ್ಲಿಂದನ ಸುರು ಮಾಡಿದ್ವಿ, ಅನಸೂಯಾ," ಎಂದರು. "ಯಾರ ಮನಸ್ಸೂ ನೋಯಬಾರದು ಅಂತ ಒಂದು ಸಾಲು ಬರದಿದ್ವಿ. ಅಷ್ಟ."

ಅವಳು ಫೋನ್ ಇಟ್ಟು ಆ ಸಾಲನ್ನು ಅಳಿಸಿದಳು. ಕಾಶೀಮಸಾಬರ ಮಾತು ಮತ್ತೆ ಪುಟದ ಮೇಲೆ ಬಂತು. ಮುದ್ರಿಕೆಯನ್ನು ಕಣ್ಣು ಮುಚ್ಚಿ ಕೇಳಿದಳು. ಪಂಚಮ ಕೂದಲೆಳೆಯಷ್ಟು ಇಳಿದಿತ್ತು. ಅದನ್ನು ಒಪ್ಪಿಕೊಂಡು ಎರಡು ಸಾಲು ಉತ್ತರ ಬರೆದಳು. ಅದಕ್ಕೆ ಮರುಮಾತು ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ವಿಜಯಪುರದ ಸರೋಜಿನಿ ಹಳಕಟ್ಟಿ ಎಂಬ ಸಂಗೀತದ ಶಿಕ್ಷಕಿ ಆ ಪುಟಕ್ಕೆ ಬಂದಳು. ಪಂಚಮ ಸರಿಯಾಗಿಯೇ ಇದೆ, ಕಾಶೀಮಸಾಬರ ಕಿವಿಯನ್ನೇ ತೋರಿಸಿಕೊಳ್ಳಬೇಕು ಎಂದು ಬರೆದಳು. ಕಾಶೀಮಸಾಬರು ಎರಡೇ ದಿನದಲ್ಲಿ ತಿರುಗಿ ಬಂದರು. ಹಾರ್ಮೋನಿಯಮ್ಮಿನ ಹಳೆಯ ರೀಡುಗಳ ಬಗ್ಗೆ, ತಮ್ಮ ಉಸ್ತಾದರ ಬಗ್ಗೆ, ಆಮೇಲೆ ಮೊಣಕಾಲು ನೋವಿನ ಬಗ್ಗೆಯೂ ಇಬ್ಬರೂ ಬರೆದುಕೊಂಡರು. ನಡುವೆ ಮೂರನೆಯವನೊಬ್ಬ ತಲೆಹಾಕಿ ಇಬ್ಬರದೂ ತಪ್ಪೆಂದು ಹೇಳಿದ.

ಒಂದು ಮಧ್ಯಾಹ್ನ ಇನಾಮದಾರರ ಫೋನ್ ಬಂತು. ಯಾರಾದರೂ ನಿನ್ನ ಕೆಲಸವನ್ನು ಮೆಚ್ಚಿದರೇ ಎಂದು ವಿಚಾರಿಸಿದರು.

"ಇಲ್ರಿ," ಎಂದಳು ಅನಸೂಯಾ. "ನನ್ನ ಹೆಸರೂ ಯಾರೂ ಎತ್ತಿಲ್ಲ. ಈ ಪುಟ ಯಾರದು ಅನ್ನೂದು ಅವ್ರಿಗೆ ಮರತ ಹೋಗೇದ."

"ಮತ್ತ ನೀ ಏನ್ ಮಾಡ್ತಿ?"

"ನಾನು ಓದ್ಕೋತ ಕೂತೀನ್ರಿ. ಸ್ವಲ್ಪ ತಡೀರಿ, ಆಮ್ಯಾಲ ಮಾತಾಡೋಣು. ಸರೋಜಿನಿಬಾಯಿದು ಏನೋ ಬಂತು."