ನೆತ್ತಿಪುರದ ತಾಯಿಕೆಂಡ

ಬಹಳ ಹಿಂದೆ, ಒಬ್ಬ ಅಜ್ಜಿಯ ತಲೆಯೊಳಗೆ ನೆತ್ತಿಪುರ ಎಂಬ ರಾಜ್ಯವಿತ್ತು. ತಲೆಯೊಳಗೆ ರಾಜ್ಯವೇ ಎಂದು ನಗಬೇಡಿ, ನಿಮ್ಮ ತಲೆಯಲ್ಲೂ ಒಂದಿದೆ. ಅಲ್ಲಿ ಎರಡು ಕುಲ. ಮಿಂಚಿನವರು ಸುದ್ದಿ ಒಯ್ಯುವವರು. ಅಜ್ಜಿ ಮೊಮ್ಮಗಳನ್ನು ಹೆಸರು ಹಿಡಿದು ಕರೆಯಬೇಕಾದರೆ ಆ ಹೆಸರನ್ನು ಅವರೇ ಹೊತ್ತು ಓಡಬೇಕು. ಅದಕ್ಕೇ ಅವರಿಗೆ ಪಲ್ಲಕ್ಕಿ, ಛತ್ರಿ, ಬಹುಪರಾಕು. ಇನ್ನೊಂದು ಕುಲ ಚುಕ್ಕಿಯವರದು. ನಕ್ಷತ್ರದ ಹಾಗೆ ಸುತ್ತಲೂ ಕೈಗಳಿದ್ದ ಇವರು ಮಿಂಚಿನವರಿಗೆ ಉಣಿಸುತ್ತಿದ್ದರು, ಅವರ ಬೀದಿ ಗುಡಿಸುತ್ತಿದ್ದರು. ಇವರಿಗೆ ಸಿಕ್ಕಿದ್ದು ‘ಸೌಟಿನವರು’ ಎಂಬ ಹೆಸರು ಮಾತ್ರ.

ಎರಡೂ ಕುಲದವರ ಹೊಟ್ಟೆಯೊಳಗೆ ಪುಟ್ಟ ಪುಟ್ಟ ಒಲೆಗಳಿದ್ದವು. ಆ ಒಲೆಯ ಕೆಂಡ ತಾಯಿಯಿಂದಲೇ ಬರಬೇಕು, ತಂದೆಯ ಕಡೆಯಿಂದ ಬರುವಂತಿಲ್ಲ. ಅದು ಆರಿದರೆ ಜೀವವೂ ಆರಿದಂತೆ. “ಸೌಟಿನವರ ಒಲೆ ಗಂಜಿ ಕಾಯಿಸುವುದಕ್ಕಷ್ಟೇ” ಎಂದು ರಾಜ ಮತಿಸೇನ ನಂಬಿದ್ದ. ಪಾಪ, ರಾಜರಿಗೆ ಅಡುಗೆಮನೆಯ ದಾರಿ ಎಲ್ಲಿ ಗೊತ್ತಿರುತ್ತದೆ!

ಹೀಗಿರುವಾಗ ಮಂಕಾಸುರ ಎಂಬ ಮಾಯಾವಿ ಬಂದ. ಊರಿಗೆ ಉಸಿರು ತರುತ್ತಿದ್ದ ಕೆಂಪು ಹೊಳೆಗೆ ಮಂತ್ರದ ಬಂಡೆ ಅಡ್ಡ ಇಟ್ಟ. ಮೊಮ್ಮಗಳ ಹೆಸರು ಹೊತ್ತು ಹೊರಟಿದ್ದ ರಾಜಕುಮಾರ ಚುರುಕಸೇನ ನಡುದಾರಿಯಲ್ಲಿ ಕುಸಿದುಬಿದ್ದ. ಅವನ ಒಲೆಗಳು ಒಂದೊಂದಾಗಿ ಆರತೊಡಗಿದವು. ಅವನು ಹೋದರೆ ಆ ಹೆಸರೂ ಹೋದಂತೆ. ಅವನನ್ನು ಹಸುಗೂಸಾಗಿದ್ದಾಗಿನಿಂದ ಉಣಿಸಿ ಬೆಳೆಸಿದ ಚುಕ್ಕಿಯವರ ಕೆಂಚವ್ವ ಓಡಿಬಂದು ಮಾಯಾವಿಗೆ ಅಡ್ಡ ನಿಂತಳು.

“ಏ ಸೌಟಿನವಳೇ, ದಾರಿ ಬಿಡು!” ಎಂದ ಮಂಕಾಸುರ.

“ಬಿಡೋದಿಲ್ಲ. ನನ್ನೊಳಗಿರೋದು ನನ್ನವ್ವ ಕೊಟ್ಟ ಬೆಂಕಿ!”

ಮಾಯಾವಿ ಮೊದಲು ಖಾರದ ಬಿರುಗಾಳಿ ಎಬ್ಬಿಸಿದ. ಮಿಂಚಿನವರು ಓಡಿದ ದಾರಿಯಲ್ಲಿ ಖಾರದ ಪುಡಿ ಉದುರುವುದುಂಟು. ಹದವಾಗಿದ್ದರೆ ಅದು ಎಚ್ಚರ, ಮಿತಿಮೀರಿದರೆ ವಿಷ. ಕೆಂಚವ್ವ ಅಷ್ಟೂ ಕೈಗಳಿಂದ ಬಾಚಿ ಬಾಚಿ ಅದನ್ನು ತನ್ನ ಒಲೆಗೆ ಸುರಿದಳು. ಖಾರ ಸುಟ್ಟುಹೋಯಿತು.

“ದಾರಿ ಬಿಡು!”

“ಬಿಡೋದಿಲ್ಲ!”

ಆಗ ಅವನು ಕೊಬ್ಬಿನ ಹಂದಿಯನ್ನು ಛೂ ಬಿಟ್ಟ. ಬೆಟ್ಟದಷ್ಟು ದೊಡ್ಡದು, ಮುಟ್ಟಿದರೆ ಜಾರುವಂಥದ್ದು. ಮಿಂಚಿನವರಿಗೆ ಕೊಬ್ಬು ಅರಗದು, ಅವರೆಲ್ಲ ಕಾಲಿಗೆ ಬುದ್ಧಿ ಹೇಳಿದರು. ಕೆಂಚವ್ವ ಮಾತ್ರ, “ಬಾ ಬಾ, ಸೌದೆ ತಾನಾಗೇ ಬಂತು” ಎಂದು ಅದನ್ನು ಸಿಗಿದು ಸಿಗಿದು ಒಲೆಗೆ ಹಾಕಿದಳು. ಕೆಂಡ ನಿಗಿನಿಗಿ ಹೊಳೆಯಿತು.

“ದಾರಿ ಬಿಡು!”

“ಬಿಡೋದಿಲ್ಲ ಅಂದ್ನಲ್ಲ!”

ಮಂಕಾಸುರನಿಗೆ ಸಿಟ್ಟು ನೆತ್ತಿಗೇರಿತು. ಸೊಂಟದ ಚೀಲ ಬಿಚ್ಚಿ ಮಂಕುಬೂದಿ ಎರಚಿಯೇಬಿಟ್ಟ. ಊರಿಗೆ ಊರೇ ಮಬ್ಬಾಯಿತು. ರಾಜ ತನ್ನ ಹೆಸರನ್ನೇ ಮರೆತು ಕಂಬ ಹಿಡಿದು ನಿಂತ. ಕೆಂಚವ್ವನ ಒಲೆಗಳ ಮೇಲೆ ಬೂದಿ ದಪ್ಪಗೆ ಕೂತಿತು. ಬೆಳಕಿಲ್ಲ, ಹೊಗೆಯೂ ಇಲ್ಲ. “ಆರಿತು! ಆರಿತು!” ಎಂದು ಮಾಯಾವಿ ಕುಣಿದಾಡಿದ.

ಕೆಂಚವ್ವ ಬಿದ್ದು ಬಿದ್ದು ನಕ್ಕಳು. “ಅಯ್ಯೋ ದಡ್ಡಪ್ಪಾ! ಒಂದು ದಿನಾನಾದ್ರೂ ಒಲೆ ಮುಂದೆ ಕೂತಿದ್ದೀಯಾ? ಕೆಂಡ ಬೆಳಗಿನತನಕ ಆರದೆ ಇರಲಿ ಅಂತ ಅದರ ಮೇಲೆ ಬೂದಿ ಮುಚ್ಚೋರೇ ನಾವು!”

ಹೀಗೆಂದವಳೇ ಎದೆ ತುಂಬ ಉಸಿರೆಳೆದು ಉಫ್ ಎಂದು ಊದಿದಳು. ಬೂದಿಯೆಲ್ಲ ಹಾರಿ ಮಂಕಾಸುರನ ಕಣ್ಣಿಗೇ ಬಿತ್ತು. ಅವನಿಗೆ ತನ್ನ ಮಂತ್ರಗಳೆಲ್ಲ ಮರೆತುಹೋದವು. ಮಂತ್ರದ ಬಂಡೆ ಕರಗಿತು, ಹೊಳೆ ಹರಿಯಿತು, ರಾಜನ ಮಬ್ಬೂ ಹರಿಯಿತು. ಮಾಯಾವಿ ಬೆಪ್ಪನಂತೆ ಬಂದ ದಾರಿ ಹಿಡಿದ.

ಆದರೆ ಚುರುಕಸೇನ ಏಳಲಿಲ್ಲ. ಅವನ ಒಲೆಗಳಲ್ಲಿ ಒಂದು ಕಿಡಿಯೂ ಉಳಿದಿರಲಿಲ್ಲ. ಕೆಂಚವ್ವ ತನ್ನೊಳಗಿನ ಕೆಲವು ಕೆಂಡಗಳನ್ನು ತೆಗೆದು ಬೊಗಸೆಯಲ್ಲಿ ಹಿಡಿದಳು.

ರಾಜ ಅಳುತ್ತಲೇ ತಡೆದ. “ಬೇಡಮ್ಮ. ಈ ಕೆಂಡ ತಾಯಿಯಾದವಳೇ ಕೊಡಬೇಕು. ಅದು ನಮ್ಮ ಕಟ್ಟಳೆ.”

ಕೆಂಚವ್ವ ತಲೆಯೆತ್ತಿ ನಿಂತಳು. “ಇಷ್ಟು ವರ್ಷ ಇವನಿಗೆ ಉಣಿಸಿದವಳು ಯಾರು ಬುದ್ಧೀ?”

ರಾಜ ಕಿರೀಟ ತೆಗೆದು ಪಕ್ಕಕ್ಕೆ ಸರಿದ. ಅವಳು ಕೆಂಡಗಳನ್ನು ಮಗನ ಹೊಟ್ಟೆಯೊಳಗಿಟ್ಟು ಮೆಲ್ಲಗೆ ಊದಿದಳು. ಕೆಂಡ ಒಂದು ಎರಡಾಯಿತು, ಎರಡು ನಾಲ್ಕಾಯಿತು. ಚುರುಕಸೇನ ಕಣ್ಣು ಬಿಟ್ಟು, “ಅವ್ವಾ” ಎಂದವನೇ ಹೆಸರು ಹೊತ್ತು ಮಿಂಚಿನಂತೆ ಓಡಿದ.

ಹೊರಗೆ, ಅಜ್ಜಿ ಹಾಸಿಗೆಯಿಂದ ಕೈಚಾಚಿ ಮೊಮ್ಮಗಳನ್ನು ಕರೆದಳು: “ಚೆನ್ನಾಜಿ! ಬಾರೇ ಇಲ್ಲಿ.”

ನೆತ್ತಿಪುರದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಸುಖವಾಗಿದ್ದಾರೆ. ಮೊದಲ ಎಲೆ ಕೆಂಚವ್ವನದು.