ಅವಳೇ ಹೇಳಬೇಕಾದ ಮಾತು

"ನನ್ನ ರಿಪೋರ್ಟ್ ಓದಿ ಊರಿಗೆಲ್ಲ ಹಂಚಿದ್ದು ನೀವೇ ತಾನೆ?"

ಜೆರಾಕ್ಸ್ ಅಂಗಡಿಯ ಕೌಂಟರ್ ಮೇಲೆ ಅವಳ ಕೈ ಪಟ್ಟೆಂದು ಬಿತ್ತು. ಮಷಿನ್‌ಗೆ ಹಾಳೆ ತುಂಬುತ್ತಿದ್ದವನು ತಲೆಯೆತ್ತಿದ. ತಿಂಗಳಿಂದ ಅವಳ ದಾರಿ ಕಾಯುತ್ತಿದ್ದ. ಇವತ್ತು ಬಂದದ್ದೇ ಬೆಂಕಿಯಾಗಿ. ಸಿಟ್ಟಿನಲ್ಲೂ ಎಷ್ಟು ಚೆಂದ ಎನ್ನಿಸಿ ತನ್ನ ಮೇಲೆಯೇ ರೇಗಿತು.

"ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು ರೀ ನಾನು. ಆ ಡಾಕ್ಟರ್ ಇಂಗ್ಲಿಷ್ ಓದೋಕೆ ಬಂದಿದ್ರೆ ಇಲ್ಲಿ ಯಾಕೆ ಹಾಳೆ ತುಂಬ್ತಾ ನಿಂತಿರ್ತಿದ್ದೆ?"

ಅವಳ ತುಟಿಯಂಚಿಗೆ ಬಂದ ನಗು ಹಾಗೇ ಹಿಂದಿರುಗಿತು. "ಮತ್ತೆ ಗಂಡಿನ ಮನೆಯವರಿಗೆ ಹೇಗೆ ಗೊತ್ತಾಯ್ತು? ಸಂಬಂಧ ಮುರೀತು, ಹಾಳಾಗಿ ಹೋಗ್ಲಿ. ಆದ್ರೆ ಅದು ನಾನೇ ಹೇಳ್ಬೇಕಾಗಿದ್ದ ಮಾತು."

ಅವನು ಗಲ್ಲಾದ ಮುಂದೆ ಕೂತಿದ್ದ ಯಜಮಾನರ ಕಡೆ ನೋಡಿದ. ಪ್ರಿಂಟಿಗೆ ಬಂದ ಫೈಲನ್ನೆಲ್ಲ ಗಿರಾಕಿಯ ಹೆಸರಲ್ಲಿ ಕಂಪ್ಯೂಟರಿನಲ್ಲೇ ಉಳಿಸುವುದು ಅವರ ಪದ್ಧತಿ; ಬಿಡುವಾದಾಗ ಒಂದೊಂದೇ ತೆರೆದು ಓದುವುದು ಅವರ ಕಾಲಕ್ಷೇಪ.

"ಹುಡುಗನ ಅಪ್ಪ ನನ್ನ ಸ್ನೇಹಿತ ಕಣಮ್ಮ. ಒಳ್ಳೇದಕ್ಕೇ ಹೇಳಿದ್ದು," ಎಂದರು ಯಜಮಾನರು.

ಅವನ ಮೈಯೆಲ್ಲ ಉರಿಯಿತು. "ನಿಮ್ಮ ಮಗಳದ್ದಾಗಿದ್ರೂ ಹೀಗೇ ಹಂಚ್ತಿದ್ರಾ?"

ಯಜಮಾನರು ದಿನಪತ್ರಿಕೆ ಬಿಡಿಸಿಕೊಂಡರು.

"ಹೊಸ ಡಾಕ್ಟರಿಗೆ ಇವತ್ತೇ ರಿಪೋರ್ಟ್ ಎಲ್ಲಾ ಕಳಿಸ್ಬೇಕು," ಅವಳ ದನಿ ಇಳಿಯಿತು. "ಮನೇಲಿರೋದು ಒಂದೇ ಫೋನು. ಅದೂ ಅತ್ತಿಗೆ ಕೈಲಿ."

"ಬನ್ನಿ, ಕೂತ್ಕೊಳಿ." ಕಂಪ್ಯೂಟರಿನಲ್ಲಿದ್ದ ಅವಳ ಫೈಲು ಹುಡುಕಿ, ಬ್ರೌಸರಿನಲ್ಲಿ ಒಂದು ಪುಟ ತೆರೆದ. "ಇದು ಫೈಲಿಗೆ ಬೀಗ ಹಾಕುತ್ತೆ. ನನ್ನ ಬರಹ ಗಿರಹ ಎಲ್ಲಾ ಇದ್ರಲ್ಲೇ ಮುಚ್ಚಿಡ್ತೀನಿ, ಇವರ ಕಣ್ಣಿಗೆ ಬೀಳಬಾರದು ಅಂತ."

"ವೆಬ್‌ಸೈಟ್ ಅಂದ್ರೆ ಅದನ್ನ ನಡೆಸೋರ ಕೈಗೆ ಹೋಗುತ್ತಲ್ಲ?"

ಅವನು ಬಗ್ಗಿ ಇಂಟರ್‌ನೆಟ್ ವೈರ್ ಕಿತ್ತು ಅವಳ ಕೈಗೇ ಕೊಟ್ಟ. "ಹಿಡ್ಕೊಳಿ. ಈಗ ಹೇಗೆ ಹೋಗುತ್ತೆ ನೋಡೋಣ. ಪುಟ ಒಂದ್ಸಲ ತೆರೆದ್ರೆ ಸಾಕು, ಆಮೇಲೆ ಕೆಲಸ ಎಲ್ಲಾ ಈ ಕಂಪ್ಯೂಟರ್ ಡಬ್ಬದೊಳಗೇ."

"ಲೇ, ಲೈನ್ ಯಾಕೋ ಕಿತ್ತೆ!" ಯಜಮಾನರು ಎದ್ದು ನಿಂತರು.

"ಪಾಸ್‌ವರ್ಡ್ ಉದ್ದ ಇರ್ಲಿ. ಮರೆತ್ರೆ ದೇವರು ಬಂದ್ರೂ ತೆಗೆಯೋಕಾಗಲ್ಲ. ಡಾಕ್ಟರಿಗೆ ಬಾಯಲ್ಲೇ ಹೇಳಿ." ಅವನು ಗೋಡೆಗೆ ಮುಖ ಮಾಡಿ ನಿಂತ.

ಒಂದು ಕೈಯಲ್ಲಿ ವೈರ್ ಹಿಡಿದು ಇನ್ನೊಂದರಲ್ಲಿ ಅವಳು ಟೈಪ್ ಮಾಡತೊಡಗಿದಳು. "ಕದ್ದು ನೋಡ್ತಿಲ್ಲ ತಾನೆ?"

"ನಿಮ್ಮನ್ನ ಕದ್ದು ನೋಡಿರ್ಬಹುದು. ಫೈಲನ್ನಲ್ಲ."

ಕೀಲಿಗಳ ಸದ್ದು ನಿಂತಿತು. ಆಮೇಲೆ ಅಳಿಸಿ ಅಳಿಸಿ ಬರೆಯುವ ಸದ್ದು.

ವೈರ್ ಮರಳಿ ಸಿಕ್ಕಿಸಿದ ಮೇಲೆ ಬೀಗ ಬಿದ್ದ ಫೈಲು ಡಾಕ್ಟರಿಗೆ ಹೋಯಿತು. ಅವನು ಅವಳ ಹಳೆಯ ರಿಪೋರ್ಟ್ ಅಳಿಸಿದ. ಸಿಟ್ಟು ಇಳಿಯಲಿಲ್ಲ, ಎಲ್ಲ ಗಿರಾಕಿಗಳ ಫೈಲುಗಳನ್ನೂ ಅಳಿಸಿಬಿಟ್ಟ.

"ನಾಳೆಯಿಂದ ಬರ್ಬೇಡ!"

"ನಾಳೆ ಯಾಕೆ, ಈಗ್ಲೇ ಹೊರಟೆ."

ಬೀದಿಯ ತಿರುವಿನಲ್ಲಿ ಅವಳು ಏದುಸಿರು ಬಿಡುತ್ತಾ ಓಡಿಬಂದಳು. "ಸಿಡುಕಪ್ಪ, ನಿಲ್ಲಿ! ಆ ರಿಪೋರ್ಟಲ್ಲಿ ಏನಿತ್ತು ಅಂದ್ರೆ…"

"ಬೇಡ. ನಾನು ಕೇಳಿಲ್ಲ."

"ಕೇಳಿಲ್ಲ ಅಂತಲೇ ಹೇಳ್ತಿದೀನಿ. ನನಗೆ ಫಿಟ್ಸ್ ಬರುತ್ತೆ."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಬಂದಾಗ ಏನ್ ಮಾಡ್ಬೇಕು?" ಎಂದ ಅವನು.

ಅವಳ ಕಣ್ಣು ತುಂಬಿತು. "ಒಂದು ಪಕ್ಕಕ್ಕೆ ಹೊರಳಿಸ್ಬೇಕು. ಬಾಯಿಗೆ ಏನೂ ತುರುಕಬಾರದು. ಎಷ್ಟು ಹೊತ್ತಾಯ್ತು ಅಂತ ಗಡಿಯಾರ ನೋಡ್ಬೇಕು…"

"ನಿಧಾನಕ್ಕೆ ಹೇಳಿ ರೀ, ನೆನಪಿಟ್ಕೋಬೇಡ್ವಾ?"

"ಎಷ್ಟು ದಿನಕ್ಕೆ ಅಂತ ನೆನಪಿಟ್ಕೋತೀರಾ?"

ಅವನಿಗೆ ಮತ್ತೆ ಸಿಟ್ಟು ನೆತ್ತಿಗೇರಿತು. "ಎಷ್ಟು ದಿನ ಅಂದ್ರೆ? ಬಿಟ್ಟು ಹೋಗ್ತೀನಿ ಅಂತ ನಾನು ಯಾವಾಗ ಅಂದೆ?"